ಫ್ಲಾಸ್ಕು ತೊಳೆದವಳ ಕೈಗುಣ

ಜನವರಿ 11

ಪುಟ್ಟೀ,

ಫೋನ್ ಮಾಡಿದರೆ "ಚೆನ್ನಾಗಿದ್ದೀನಮ್ಮ, ಇಡ್ಲಾ?" ಎನ್ನುತ್ತೀಯ. ಇಡು ಎನ್ನುವಷ್ಟರಲ್ಲಿ ಇಟ್ಟೇ ಬಿಟ್ಟಿರುತ್ತೀಯ. ಅದಕ್ಕೇ ಈ ಕಾಗದ. ಕಾಗದದಲ್ಲಿ ಸುಳ್ಳು ಹೇಳಬೇಕೆಂದರೆ ಉದ್ದಕ್ಕೆ ಬರೆಯಬೇಕು, ನೀನೋ ಮಹಾ ಸೋಮಾರಿ. ಹಾಗಾಗಿ ನಿಜವನ್ನೇ ಬರೆಯುತ್ತೀಯ ಎಂಬ ಧೈರ್ಯ ನನಗೆ.

ನೀನು ಆ ಊರಿಗೆ ಹೋಗಿ ಮೂರು ವಾರವಾಯಿತು. ಇಲ್ಲಿ ಪ್ರಯೋಗಾಲಯದಲ್ಲಿ ನಿನ್ನ ಮೇಜನ್ನು ಉದ್ದಣ್ಣನಿಗೆ ಕೊಟ್ಟಿದ್ದಾರೆ. ಅದರ ಕೆಳಗೆ ಅವನ ಕಾಲು ಹಿಡಿಸುವುದಿಲ್ಲ, ಹೋಗಿ ಬರುವವರೆಲ್ಲ ಎಡವುತ್ತಾರೆ. ನಿನಗೆ ಗೈಡಾಗಿದ್ದ ಮೇಷ್ಟ್ರು ನಿನ್ನ ಪ್ರಬಂಧದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದ್ದಾರೆ. ಯಾರೇ ಬರಲಿ, ಬೆರಳಿಟ್ಟು ತೋರಿಸುತ್ತಾರೆ. "ಈ ಎರಡು ವಸ್ತು ಲೋಹದ ನೆರವಿಲ್ಲದೆ ಕೂಡೋದೇ ಇಲ್ಲ ಅಂತ ಎಲ್ಲರೂ ಬರೆದಿಟ್ಟಿದ್ರು. ನಮ್ಮ ಹುಡುಗಿ ಏನೂ ಹಾಕದೆ ಬರೀ ಗಾಜಿನ ಫ್ಲಾಸ್ಕಲ್ಲಿ ಕೂಡಿಸಿಬಿಟ್ಟಳು ನೋಡಿ! ಇನ್ನು ಔಷಧಿ ಮಾಡೋರಿಗೆ ಕೊನೇಲಿ ಲೋಹ ಸೋಸಿ ತೆಗೆಯೋ ಗೋಳೇ ಇಲ್ಲ" ಎನ್ನುತ್ತಾರೆ. ನಾನು ಗಾಜಿನ ಟ್ರೇ ಹಿಡಿದುಕೊಂಡು ಬೇಕೆಂದೇ ಆ ದಾರಿಯಲ್ಲಿ ಹೋಗುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನ ಹೆಗ್ಗಣ ಕಟ್ಟು ಹಾಕಿಸಿಕೊಂಡು ಗೋಡೆ ಏರಿದೆ.

ಉದ್ದಣ್ಣ ನಿನ್ನ ಪ್ರಯೋಗವನ್ನು ಎರಡು ಸಲ ಮಾಡಿ ನೋಡಿದ, ಆಗಲಿಲ್ಲವಂತೆ. ಮೇಷ್ಟ್ರು ನಕ್ಕು, "ಅದು ಅವಳ ಕೈಗುಣ ಕಣಯ್ಯ. ನೀನಿನ್ನೂ ಕಲೀಬೇಕು" ಎಂದರು. ಪಾಪ, ಅವನ ಮುಖ ನೋಡಲಾಗಲಿಲ್ಲ.

ನನ್ನ ಸಿಂಕು ಎಂದಿನಂತೆ ತುಂಬಿ ತುಳುಕುತ್ತಿದೆ. ಇಪ್ಪತ್ತಾರು ವರ್ಷದಿಂದ ಇವರ ಗಾಜು ತೊಳೆಯುತ್ತಿದ್ದೇನೆ, ಇನ್ನೂ ಒಬ್ಬರಿಗೂ ಬೀಕರಿನ ತಳದ ಅಂಟನ್ನು ಒಣಗುವ ಮೊದಲೇ ಕೊಡಬೇಕೆಂಬ ಬುದ್ಧಿ ಬಂದಿಲ್ಲ. ನಿಮ್ಮಪ್ಪ ಬಸ್ಸು ಓಡಿಸಿ ಬಂದು, ನಿನ್ನ ಕೋಣೆಯಲ್ಲಿ ಕೂತು ಪೇಪರ್ ಓದುತ್ತಾರೆ. ಅಲ್ಲಿ ಬೆಳಕು ಚೆನ್ನಾಗಿದೆ ಅಂತೆ. ಬೆಳಕೂ ಇಲ್ಲ, ಮಣ್ಣೂ ಇಲ್ಲ, ನಿನ್ನ ನೆನಪು ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ನೀವೆಲ್ಲ ಕರೆಯುವ ಗಾಜಮ್ಮ


ಫೆಬ್ರವರಿ 2

ಅಮ್ಮಾ,

ನಿಜ ಬರೆಯುತ್ತೇನೆ. ಇಲ್ಲಿ ಆಗುತ್ತಿಲ್ಲ.

ಹದಿನೇಳು ಸಲ ಮಾಡಿದೆ. ಅದೇ ವಸ್ತುಗಳು, ಅದೇ ಬಿಸಿ, ಅದೇ ಗಂಟೆ. ಕೊನೆಗೆ ನೋಡಿದರೆ ಹಾಕಿದ್ದು ಹಾಕಿದ ಹಾಗೇ ವಾಪಸ್ಸು. ಜಗಳವಾಡಿದ ಬೀಗರ ಹಾಗೆ ಎರಡೂ ಮುಖ ತಿರುಗಿಸಿಕೊಂಡು ಕೂತಿರುತ್ತವೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡದ್ದೇ ಆ ಪ್ರಬಂಧ ನೋಡಿ. ಈ ಪ್ರಯೋಗಾಲಯದ ಮುಖ್ಯಸ್ಥೆ, ನಾವು ಮೇಡಂ ಎನ್ನುವವರು, ಪ್ರತಿ ಸೋಮವಾರ ನನ್ನ ಮೇಜಿನ ಬಳಿ ಬಂದು "ಹೇಗಾಯ್ತು?" ಎಂದು ಕೇಳುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇನ್ನೊಂದು ವಿಷಯ. ಬೇರೆ ಊರಿನ ಒಬ್ಬ ಸಂಶೋಧಕ ನನಗೆ ಬರೆದಿದ್ದಾನೆ, ಮುಖ ಪರಿಚಯವಿಲ್ಲ. ನನ್ನ ಪ್ರಬಂಧ ನಂಬಿ ಹನ್ನೊಂದು ತಿಂಗಳಿಂದ ಅದನ್ನೇ ಮಾಡುತ್ತಿದ್ದಾನಂತೆ. ಒಂದು ಸಲವೂ ಆಗಿಲ್ಲ. ಅವನ ಗೈಡು ಕೆಲಸ ನಿಲ್ಲಿಸಿಬಿಡುತ್ತೇನೆ ಎನ್ನುತ್ತಿದ್ದಾರಂತೆ. "ನಾನು ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ" ಎಂದು ಕೇಳಿದ್ದಾನೆ. ಏನು ಹೇಳಲಿ ಅವನಿಗೆ?

ಇಲ್ಲಿ ಕೆಲವರು ನನ್ನನ್ನು ನೋಡುವ ರೀತಿ ಬದಲಾಗಿದೆ. ನಾನು ಅಂಕಿಗಳನ್ನು ಮನೆಯಲ್ಲಿ ಕೂತು ಬರೆದೆ ಎಂದುಕೊಂಡಿದ್ದಾರೆ. ಬಾಯಿಬಿಟ್ಟು ಯಾರೂ ಹೇಳಿಲ್ಲ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ, ಅಷ್ಟೇ.

ಒಂದು ಉಪಕಾರ ಮಾಡಮ್ಮ. ನನ್ನ ಫ್ಲಾಸ್ಕುಗಳನ್ನು ನೀನು ಹೇಗೆ ತೊಳೆಯುತ್ತಿದ್ದೆ, ಒಂದೂ ಬಿಡದೆ ಬರೆ. ನನ್ನ ಹಳೆಯ ಫ್ಲಾಸ್ಕುಗಳು ಕಪಾಟಿನಲ್ಲಿದ್ದರೆ ಮೇಷ್ಟ್ರನ್ನು ಕೇಳಿ ಕಳಿಸು.

ನಿನ್ನ
ಪುಟ್ಟಿ


ಫೆಬ್ರವರಿ 12

ಪುಟ್ಟೀ,

ಫ್ಲಾಸ್ಕು ಮೂರು ಸಿಕ್ಕವು. ನನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೇನೆ. ಸ್ವೆಟರು ವಾಪಸ್ಸು ಕಳಿಸಬೇಡ, ಹಾಕಿಕೋ. ಆ ಊರು ಚಳಿ.

ತೊಳೆಯುವ ಕ್ರಮ ಕೇಳಿದ್ದೀಯ. ಮೊದಲು ಸೋಪು, ಬ್ರಷ್ಷು. ಆಮೇಲೆ ನಲ್ಲಿ ನೀರು. ಒಂದು ರಾತ್ರಿ ಆಮ್ಲದ ತೊಟ್ಟಿಯಲ್ಲಿ ನೆನೆಹಾಕುವುದು. ಮತ್ತೆ ನಲ್ಲಿ ನೀರು ಮೂರು ಸಲ, ಡಿಸ್ಟಿಲ್ಡ್ ನೀರು ಎರಡು ಸಲ, ಬೋರಲು ಹಾಕಿ ಒಣಗಿಸುವುದು. ಎಲ್ಲರದ್ದು ತೊಳೆದ ಹಾಗೇ ನಿನ್ನದೂ.

ನಿಮ್ಮಪ್ಪನಿಗೆ ಹೊಸ ದಾರಿ ಕೊಟ್ಟಿದ್ದಾರೆ, ಸೇತುವೆ ಮೇಲಿನದು. ಪಕ್ಕದ ಮನೆಯವರ ಬೆಕ್ಕು ಮರಿ ಹಾಕಿದೆ. ಸಿಂಕಿನ ನಲ್ಲಿ ರಿಪೇರಿಯಾಯಿತು. ಮೊನ್ನೆ ಮೋಡವಾಗಿತ್ತು, ಇವತ್ತು ಬಿಸಿಲಿದೆ. ಇನ್ನೇನೂ ವಿಶೇಷವಿಲ್ಲ.

ಯಾರೇನೇ ಅಂದುಕೊಳ್ಳಲಿ, ನೀನು ಸುಳ್ಳು ಹೇಳುವ ಹುಡುಗಿಯಲ್ಲ. ನನಗೆ ಗೊತ್ತು.

ಅಮ್ಮ


ಮಾರ್ಚ್ 5

ಅಮ್ಮಾ, ಅಮ್ಮಾ,

ಆಯಿತು! ನೀನು ಕಳಿಸಿದ ಫ್ಲಾಸ್ಕಿನಲ್ಲಿ ಮೊದಲ ಸಲಕ್ಕೇ ಆಯಿತು. ನಾನು ಎಲ್ಲರೆದುರಿಗೆ ಕುಣಿದೇ ಬಿಟ್ಟೆ, ಮೇಡಂ ಕೂಡ ನಕ್ಕರು.

ಫ್ಲಾಸ್ಕನ್ನು ಇಲ್ಲಿಯ ಕ್ರಮದಲ್ಲಿ ತೊಳೆದು ಮತ್ತೆ ಮಾಡಿದೆ. ಅರ್ಧ ಮಾತ್ರ ಆಯಿತು. ಮತ್ತೆ ತೊಳೆದು ಮಾಡಿದೆ. ಏನೂ ಇಲ್ಲ. ಉಳಿದೆರಡು ಫ್ಲಾಸ್ಕಿನದ್ದೂ ಇದೇ ಕಥೆ. ಮೂರನೆಯ ಸಲಕ್ಕೆ ನನ್ನ ಕುಣಿತವೂ ನಿಂತಿತು, ಮೇಡಂ ನಗುವೂ ನಿಂತಿತು. "ಗಾಜಿಗೆ ರಸಾಯನಶಾಸ್ತ್ರ ಬರಲ್ಲಮ್ಮ. ಅದಕ್ಕೆ ಏನೋ ಅಂಟಿದೆ. ಏನದು, ಯಾರು ಅಂಟಿಸಿದ್ದು?" ಎಂದರು. "ಯಾರು" ಎನ್ನುವಾಗ ನನ್ನನ್ನೇ ನೋಡುತ್ತಿದ್ದರು.

ಅಲ್ಲಿ ನಾವು ಕೊಂಡು ತಂದ ಪ್ರತಿಯೊಂದು ಪುಡಿಯನ್ನೂ, ಪ್ರತಿ ದ್ರಾವಣವನ್ನೂ ಲೋಹ ಇದೆಯೇ ಎಂದು ಪರೀಕ್ಷಿಸಿದ್ದೆವು. ಖಾಲಿ ಫ್ಲಾಸ್ಕನ್ನು ಯಾರು ಪರೀಕ್ಷಿಸುತ್ತಾರೆ? ಇಲ್ಲಿ ಲೋಹದ ಸುಳಿವು ಹಿಡಿಯುವ ಯಂತ್ರವಿದೆ. ಮೂರು ಫ್ಲಾಸ್ಕಿನ ಮೊದಲ ಸಲದ ದ್ರಾವಣವನ್ನೂ ತೆಗೆದಿಟ್ಟಿದ್ದೇನೆ, ನನ್ನ ಸರದಿ ಬರುವುದು ಏಪ್ರಿಲ್ ಮೊದಲ ವಾರಕ್ಕೆ. ಆ ತಿಂಗಳ ಕೊನೆಗೆ ಮೇಡಂ ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನಿಸುತ್ತಾರೆ. ಕಳಿಸಿದರೆ ಬೇರೆ ಯಾವ ಪ್ರಯೋಗಾಲಯದಲ್ಲೂ ಯಾರೂ ಸೇರಿಸುವುದಿಲ್ಲ. ಸುಳ್ಳು ಫಲಿತಾಂಶ ಬರೆದವಳು ಎಂಬ ಮಾತು ನನಗಿಂತ ಮುಂಚೆ ಅಲ್ಲಿ ತಲುಪಿರುತ್ತದೆ.

ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲಮ್ಮ. ನಿನಗೆ ಗೊತ್ತಿಲ್ಲದಂತೆ ಏನಾದರೂ ತಾಗಿರಬಹುದೇ? ಹೊಸ ಬ್ರಷ್ಷು? ಬೇರೆ ಸೋಪು? ಸ್ವಲ್ಪ ಯೋಚಿಸಿ ಬರೆ.

ಸ್ವೆಟರು ಬೆಚ್ಚಗಿದೆ.

ಪುಟ್ಟಿ


ಮಾರ್ಚ್ 24

ಅಮ್ಮಾ,

ಮೂರು ವಾರವಾಯಿತು, ಉತ್ತರವಿಲ್ಲ. ಫೋನಿನಲ್ಲಿ "ಬರೀತೀನಿ, ಇಡ್ಲಾ?" ಎನ್ನುತ್ತೀಯ. ಇದು ನನ್ನ ಮಾತಲ್ಲವಾ?

ನಿನ್ನನ್ನು ನೋಯಿಸಿದೆನಾ? ಕೋಪವಿದ್ದರೆ ಎರಡು ಸಾಲು ಬೈದಾದರೂ ಬರೆ.

ಪುಟ್ಟಿ


ಮಾರ್ಚ್ 29

ಪುಟ್ಟೀ,

ನಿನ್ನ ಮೇಲೆ ಯಾವ ಕೋಪವೂ ಇಲ್ಲ ಕಣೇ. ನಾಲ್ಕು ಕಾಗದ ಬರೆದು ಹರಿದೆ. ಐದನೆಯದಕ್ಕೆ ನಿಮ್ಮಪ್ಪ, "ಕಾಗದಕ್ಕಾದರೂ ಕರುಣೆ ತೋರಿಸು, ಹೇಳೋದನ್ನ ಹೇಳಿಬಿಡು" ಎಂದು ನನ್ನೆದುರು ಕೂತಿದ್ದಾರೆ. ಹೇಳುತ್ತೇನೆ.

ಎಲ್ಲರದ್ದು ತೊಳೆದ ಹಾಗೇ ನಿನ್ನದೂ ಎಂದು ಬರೆದದ್ದು ಸುಳ್ಳು.

ನೀನು ಇಲ್ಲಿ ಸೇರಿದ ಎರಡನೆಯ ಚಳಿಗಾಲ ನೆನಪಿದೆಯಾ? ಜ್ವರ ಬಿಟ್ಟು ಎರಡು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಆರಕ್ಕೇ ಬಂದು, ಫ್ಲಾಸ್ಕು ಒದ್ದೆಯಿದೆ ಎಂದು ಒಣಗಿಸುವ ಓವನ್ನಿನ ಮುಂದೆ ಕೈ ಉಜ್ಜಿಕೊಳ್ಳುತ್ತಾ ಸರದಿಗೆ ಕಾಯುತ್ತಿದ್ದೆ. ಬೇರೆಯವರೆಲ್ಲ ನಿನಗಿಂತ ದೊಡ್ಡವರು, ನಿನ್ನದನ್ನು ಹಿಂದೆ ತಳ್ಳಿ ತಮ್ಮದು ಇಡುತ್ತಿದ್ದರು. ಹೊಟ್ಟೆ ಉರಿಯಿತು ನನಗೆ. ತೊಳೆಯುವ ಕೋಣೆಯಲ್ಲಿ ಚಹಾಕ್ಕೆಂದು ನಾನು ಇಟ್ಟುಕೊಂಡಿದ್ದೆನಲ್ಲ, ನಮ್ಮಮ್ಮನ ಕಾಲದ ತಾಮ್ರದ ಕೆಟಲ್ಲು, ಅದನ್ನು ನಿಂಬೆಹಣ್ಣು ಉಜ್ಜಿ ಫಳಫಳ ಮಾಡಿ, ಡಿಸ್ಟಿಲ್ಡ್ ನೀರು ಕಾಯಿಸಿ, ಕೊನೆಯ ಸಲ ನಿನ್ನ ಫ್ಲಾಸ್ಕುಗಳಿಗೆ ಆ ಬಿಸಿನೀರು ಹಾಯಿಸಿದೆ. ಬಿಸಿ ಗಾಜು ತಾನೇ ಒಣಗುತ್ತದೆ. ನೀನು ಬಂದಾಗ ಫ್ಲಾಸ್ಕು ಒಣಗಿ, ಬೆಚ್ಚಗೆ ಕಾದಿರುತ್ತಿತ್ತು. "ಅಮ್ಮಾ, ಇವತ್ತು ಓವನ್ ಬೇಡವೇ ಬೇಡ!" ಎಂದು ಖುಷಿಯಾಗಿ ಓಡಿದೆ. ಆವತ್ತಿನಿಂದ ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನಿನ್ನದಕ್ಕೆ ಮಾತ್ರ.

ಫೆಬ್ರವರಿಯಲ್ಲಿ ನೀನು ಕೇಳಿದಾಗಲೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೋಗಿ ಕೆಟಲ್ಲನ್ನು ಬೀರುವಿನ ಹಿಂದೆ ಇಟ್ಟೆ. ಸಿಂಕಿನ ಮೇಲೆ ಗೋಡೆಯಲ್ಲಿ ನಿಯಮದ ಹಾಳೆ ಇದೆ. "ತೊಳೆದ ಗಾಜಿಗೆ ಲೋಹ ತಾಗಿಸಬಾರದು, ಎಲ್ಲರ ಗಾಜನ್ನೂ ಒಂದೇ ರೀತಿ ತೊಳೆಯಬೇಕು." ಕೆಳಗೆ ನನ್ನದೇ ರುಜು. ಇಪ್ಪತ್ತಾರು ವರ್ಷದಲ್ಲಿ ನನ್ನ ಗಾಜಿನಲ್ಲಿ ಕಲೆ ಇತ್ತು ಎಂದವರು ಒಬ್ಬರಿಲ್ಲ. "ಗಾಜಮ್ಮ ತೊಳೆದರು ಅಂದ್ರೆ ತೊಳೆದ ಹಾಗೆ" ಎನ್ನುತ್ತಾರೆ. ನನಗೆ ಇರುವ ಹೆಸರು ಅದೊಂದೇ.

ಅದಕ್ಕಿಂತ ದೊಡ್ಡ ಭಯ ಇನ್ನೊಂದು. ನಿನ್ನ ಕೈಗುಣ ಎಂದು ಮೇಷ್ಟ್ರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ನಿನ್ನದಲ್ಲ, ನನ್ನ ಕೆಟಲ್ಲಿನದು ಎಂದು ಯಾವ ಬಾಯಲ್ಲಿ ಹೇಳಲಿ? ನಿನ್ನ ದುಡಿಮೆಯನ್ನೆಲ್ಲ ನಾನೇ ಕಿತ್ತುಕೊಂಡ ಹಾಗಾಗುತ್ತದೆ ಎನಿಸಿತು. ಹೀಗೆ ಬಾಯಿ ಮುಚ್ಚಿಕೊಂಡು, ಅಲ್ಲಿ ನಿನ್ನನ್ನು ಕಳ್ಳಿ ಮಾಡಿದೆ.

ತಾಮ್ರವೇ ಕಾರಣವೋ ಅಲ್ಲವೋ ನನಗೆ ಗೊತ್ತಾಗುವುದಿಲ್ಲ. ಯಂತ್ರಕ್ಕಿಂತ ಮೊದಲು ನಾನು ಹೇಳಬೇಕು ಎನಿಸಿತು. ಬೈಯುವುದಿದ್ದರೆ ಬೈದುಬಿಡು, ಮಾತು ಬಿಡಬೇಡ.

ಅಮ್ಮ


ಏಪ್ರಿಲ್ 8

ಅಮ್ಮಾ,

ಕಾಗದ ಓದಿ ಮೊದಲು ಸಿಟ್ಟು ಬಂತು. ನಿಜವಾಗಿಯೂ ಬಂತು. ಎರಡು ತಿಂಗಳು, ಅಮ್ಮ! ಆಮೇಲೆ ನಗು ಬಂತು, ನಗುತ್ತಾ ಅಳು ಬಂತು. ಪಕ್ಕದ ಮೇಜಿನವಳು ಹೆದರಿ ನೀರು ತಂದುಕೊಟ್ಟಳು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಬೆಚ್ಚಗಿನ ಫ್ಲಾಸ್ಕು ಹಿಡಿದೆನಲ್ಲ, ಯಾಕೆ ಬೆಚ್ಚಗಿದೆ ಎಂದು ಒಂದು ದಿನವಾದರೂ ಕೇಳಿದೆನಾ? ನಾನೆಂಥ ಸಂಶೋಧಕಿ!

ಅವತ್ತೇ ಮಾಡಿ ನೋಡಿದೆ. ಒಂದು ಬಕೆಟ್ ಶುದ್ಧ ನೀರಿಗೆ ಚಿಟಿಕೆ ತಾಮ್ರದ ಲವಣ ಕರಗಿಸಿ, ಅದರ ಒಂದೇ ಒಂದು ಹನಿಯನ್ನು ಇಲ್ಲಿಯ ಹೊಸ ಫ್ಲಾಸ್ಕಿಗೆ ಹಾಕಿ ಒಣಗಿಸಿದೆ. ಆಯಿತು. ಐದು ಸಲ ಮಾಡಿದೆ, ಐದು ಸಲವೂ ಆಯಿತು. ಮೊನ್ನೆ ಯಂತ್ರವೂ ಅದನ್ನೇ ಹೇಳಿತು. ನಿನ್ನ ಫ್ಲಾಸ್ಕಿನಲ್ಲಿದ್ದದ್ದು ತಾಮ್ರ.

ಅಂದರೆ ನನ್ನ ಪ್ರಬಂಧ ತಪ್ಪು. ಲೋಹವೇ ಇಲ್ಲದೆ ಆಗುತ್ತದೆ ಎಂದು ಬರೆದೆ, ಲೋಹ ಇತ್ತು. ಇಷ್ಟು ಕಡಿಮೆ ತಾಮ್ರದಲ್ಲಿ ಆಗುವುದೂ ಸಣ್ಣ ವಿಷಯವೇನಲ್ಲ, ಆದರೆ ಅದರ ಹತ್ತಿರಕ್ಕೆ ಬೇರೆಯವರು ಈಗಾಗಲೇ ಬಂದಿದ್ದಾರೆ. ನಮ್ಮ ಹೆಚ್ಚುಗಾರಿಕೆಯೆಲ್ಲ ಆ "ಇಲ್ಲದೆ"ಯಲ್ಲೇ ಇತ್ತು. ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕು. ನೋವಾಗುತ್ತಿದೆ, ಸುಳ್ಳು ಹೇಳುವುದಿಲ್ಲ.

ಹಿಂತೆಗೆತದ ಟಿಪ್ಪಣಿ ಬರೆದಿಟ್ಟಿದ್ದೇನೆ. "ಗಾಜಿನ ಫ್ಲಾಸ್ಕುಗಳಲ್ಲಿ, ಮೂಲ ತಿಳಿಯದ ತಾಮ್ರದ ಅಂಶ ಸೇರಿತ್ತು." ಅಷ್ಟೇ ಸಾಕು. ಮೇಷ್ಟ್ರಿಗೂ ಅಷ್ಟೇ ಹೇಳುತ್ತೇನೆ. ನೀನು ಬಾಯಿಬಿಡಬೇಡ. ನಿವೃತ್ತಿಗೆ ಎಂಟು ತಿಂಗಳಿದೆ, ಇಷ್ಟು ವರ್ಷ ಉಳಿಸಿಕೊಂಡ ಹೆಸರನ್ನು ನನಗಾಗಿ ಕಳೆದುಕೊಳ್ಳಬೇಡ. ಕೆಟಲ್ಲನ್ನು ಮನೆಗೆ ಒಯ್ದು ಚಹಾ ಮಾಡಿ ಕುಡಿ.

ಕೈಮುಗಿದು ಕೇಳುತ್ತೇನೆ.

ನಿನ್ನ
ಪುಟ್ಟಿ


ಏಪ್ರಿಲ್ 17

ಪುಟ್ಟೀ,

ಮೂಲ ತಿಳಿಯದ ತಾಮ್ರವಂತೆ! ನನಗೆ ಗೊತ್ತು, ನಿನಗೆ ಗೊತ್ತು, ನಿಮ್ಮಪ್ಪನಿಗೆ ಗೊತ್ತು. ಮತ್ತೆ ತಿಳಿಯದೆ ಇರುವುದು ಯಾರಿಗೆ? ಕಲಿತವಳು ನೀನು, ಇಷ್ಟೂ ಹೊಳೆಯಲಿಲ್ಲವಾ? ಅದನ್ನು ಓದಿದವರು "ಮೂಲ ಯಾಕೆ ತಿಳಿಯಲ್ಲ, ಅವಳೇ ಹಾಕಿರ್ತಾಳೆ" ಎನ್ನುತ್ತಾರೆ. ನನ್ನ ಹೆಸರು ಉಳಿಸಲು ನಿನ್ನ ಹೆಸರು ಕೊಡುತ್ತೀಯಾ? ಅಂಥ ಹೆಸರು ಕಟ್ಟಿಕೊಂಡು ನಾನೇನು ಮಾಡಲಿ? ನನ್ನಂತೆ ನೀನೂ ಸುಮ್ಮನಿರುವುದನ್ನು ಕಲಿಯುವುದು ಬೇಡ, ಅದೊಂದು ಕೈಗುಣ ನನ್ನಲ್ಲೇ ನಿಲ್ಲಲಿ.

ಅದಕ್ಕೇ ಮೊನ್ನೆ ಮೇಷ್ಟ್ರ ಕೋಣೆಗೆ ಹೋದೆ. "ಸಾರ್, ಪುಟ್ಟಿ ಫ್ಲಾಸ್ಕಿಗೆ ತಾಮ್ರ ತಾಗಿಸಿದ್ದು ನಾನು" ಎಂದೆ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತಿದ್ದೀರಾ?" ಎಂದು ನಕ್ಕರು. ನಾನು ಕೆಟಲ್ಲನ್ನು ಅವರ ಮೇಜಿನ ಮೇಲಿಟ್ಟೆ, ನಿನ್ನ ಕಾಗದದಲ್ಲಿದ್ದದ್ದನ್ನೂ ಹೇಳಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಲ್ಲರ ಫ್ಲಾಸ್ಕಿಗೂ ಹೀಗೇ ಮಾಡಿದ್ರಾ?"

"ಇಲ್ಲ ಸಾರ್, ಅವಳದಕ್ಕೆ ಮಾತ್ರ."

"ಅವಳದಕ್ಕೆ ಮಾತ್ರ ಯಾಕೆ?"

"ನಾನು ಅಮ್ಮ ಆಗಿರೋದು ಅವಳಿಗೆ ಮಾತ್ರ ತಾನೆ ಸಾರ್."

ಮೇಷ್ಟ್ರು ಕೆಟಲ್ಲಿನ ಮುಚ್ಚಳ ತೆಗೆದು ಒಳಗೆ ನೋಡಿದರು. ಕೊನೆಗೆ, "ಆ ಪ್ರಬಂಧದಲ್ಲಿ ನನ್ನ ಹೆಸರೂ ಇದೆಯಲ್ಲಮ್ಮ. ಖಾಲಿ ಫ್ಲಾಸ್ಕನ್ನೂ ನೋಡಿ ಅಂತ ನಾನಾದ್ರೂ ಹೇಳಬೇಕಿತ್ತು. ಕೈಗುಣ ಅಂತ ಹೇಳ್ಕೊಂಡು ಓಡಾಡಿದೆ" ಎಂದರು. ಎದ್ದು ಹೋಗಿ ಮೆಟ್ಟಿಲ ಬಳಿಯ ಕಟ್ಟನ್ನು ತಾವೇ ಇಳಿಸಿದರು. ಅದರ ಗಾಜಿನ ಮೇಲಿದ್ದ ಧೂಳನ್ನು ನಾನು ಸೆರಗಿನಲ್ಲಿ ಒರೆಸಿದೆ.

ನಾಳೆಯಿಂದ ನಾನು ತೊಳೆಯುವ ಕೋಣೆಗೆ ಹೋಗುವ ಹಾಗಿಲ್ಲ. "ಇಲ್ಲಿ ಇಟ್ಕೊಳ್ಳೋಕಾಗಲ್ಲಮ್ಮ, ತಪ್ಪು ತಿಳೀಬೇಡಿ" ಎಂದು ಸ್ಟೋರಿಗೆ ಹಾಕಿದ್ದಾರೆ. ಡಿಸೆಂಬರ್‌ವರೆಗೆ ಅಲ್ಲಿ ಪೆಟ್ಟಿಗೆ ಎಣಿಸುವುದು. ನ್ಯಾಯವೇ. ಸಿಂಕಿನ ಮುಂದೆ ನಿಂತು ಸ್ವಲ್ಪ ಅತ್ತೆ. ಉದ್ದಣ್ಣ ಬಂದು ಬಾಗಿಲಲ್ಲಿ ನಿಂತ. "ಗಾಜಮ್ಮಾ, ನಾನೇನೂ ಕೈಲಾಗದೋನಲ್ಲ ಅಂತಾಯ್ತಲ್ಲ, ಅಷ್ಟು ಸಾಕು" ಎಂದು ನನ್ನ ಬ್ರಷ್ಷುಗಳನ್ನೆಲ್ಲ ತಾನೇ ಕಟ್ಟಿ ಕೊಟ್ಟ. ಅವನನ್ನು ನೆನೆಸಿಕೊಂಡರೆ ನಿನಗೆ ಬರೆದ ಆ ಇನ್ನೊಬ್ಬನ ನೆನಪಾಗುತ್ತದೆ. ಹನ್ನೊಂದು ತಿಂಗಳು ತಾನು ದಡ್ಡ ಎಂದುಕೊಂಡು ಕೂತಿದ್ದಾನಲ್ಲ, ಅವನನ್ನೂ ಯಾವ ತಾಯಿಯೋ ಹೆತ್ತಿದ್ದಾಳೆ. ಅವನಿಗಾದರೂ ಪೂರ್ತಿ ನಿಜ ಹೇಳಬೇಡವಾ?

ಟಿಪ್ಪಣಿ ಸರಿಯಾಗಿ ಬರೆ. ನಾನು ಮಾಡಿದ್ದನ್ನು ನಾನು ಮಾಡಿದೆ ಎಂದೇ ಬರೆ. ಒಂದಕ್ಷರ ಕಡಿಮೆಯಾದರೂ ನಾನೇ ಬಸ್ಸು ಹತ್ತಿ ಅಲ್ಲಿಗೆ ಬರುತ್ತೇನೆ. ನಿಮ್ಮಪ್ಪನದ್ದೇ ಬಸ್ಸು.

ನಿನ್ನ ಅಮ್ಮ


ಮೇ 20

ಅಮ್ಮಾ,

ಟಿಪ್ಪಣಿ ಅಚ್ಚಾಯಿತು. ನಿನ್ನ ಮಾತಿನಂತೆಯೇ ಬರೆದೆ. ಪತ್ರಿಕೆಯ ಸಂಪಾದಕರು ಕೊನೆಯ ಎರಡು ವಾಕ್ಯ ಅನಗತ್ಯ, ತೆಗೆಯಬಹುದಲ್ಲ ಎಂದು ಕೇಳಿದರು. ತೆಗೆಯುವುದಾದರೆ ನನ್ನ ರುಜುವನ್ನೂ ತೆಗೆಯಿರಿ ಎಂದು ಉತ್ತರಿಸಿದೆ. ಬಿಟ್ಟರು. ನಿನಗೆ ಓದಲು ಸುಲಭವಾಗಲೆಂದು ನಮ್ಮ ಮಾತಿನಲ್ಲಿ ಬರೆದಿದ್ದೇನೆ:

"ಲೋಹದ ನೆರವಿಲ್ಲದೆ ಎಂದು ನಾವು ವರದಿ ಮಾಡಿದ ಕ್ರಿಯೆ ತಾಮ್ರದಿಂದ ನಡೆದದ್ದೆಂದು ಈಗ ತಿಳಿದಿದೆ. ಫ್ಲಾಸ್ಕುಗಳು ಬೇಗ ಒಣಗಲೆಂದು ಕೊನೆಯಲ್ಲಿ ಹಾಯಿಸಿದ ಬಿಸಿನೀರನ್ನು ತಾಮ್ರದ ಕೆಟಲ್ಲಿನಲ್ಲಿ ಕಾಯಿಸಲಾಗಿತ್ತು. ಆದ್ದರಿಂದ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇವೆ. ನೀರು ಹಾಯಿಸಿದವರು ಮೊದಲ ಲೇಖಕಿಯ ತಾಯಿ. ಈ ವಿಷಯವನ್ನು ನಮಗೆ ತಿಳಿಸಿದವರೂ ಅವರೇ."

ಮೇಡಂ ಸೋಮವಾರದ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. ಆಮೇಲೆ ನನ್ನನ್ನು ಕರೆದು, "ಆ ಕೆಲಸ ಮುಗೀತು. ಇನ್ನು ಮೊದಲಿಂದ ಶುರು ಮಾಡಬೇಕು, ಒಂದು ವರ್ಷ ಹೋಗುತ್ತೆ. ಇರ್ತೀಯಾ?" ಎಂದು ಕೇಳಿದರು. ಇರುತ್ತೇನೆ ಎಂದೆ. ನನ್ನನ್ನು ಕಳಿಸುತ್ತಿಲ್ಲಮ್ಮ. ನಾನು ಒಳಗೆ ಬಂದಾಗ ಈಗ ಯಾರ ಮಾತೂ ನಿಲ್ಲುವುದಿಲ್ಲ.

ಆ ಬೇರೆ ಊರಿನ ಸಂಶೋಧಕನಿಗೂ ಟಿಪ್ಪಣಿ ಕಳಿಸಿದ್ದೆ. ಎರಡು ಸಾಲು ಬರೆದಿದ್ದಾನೆ. ಅವನ ಕೆಲಸ ಮುಂದುವರಿಸಲು ಗೈಡು ಒಪ್ಪಿದ್ದಾರಂತೆ. ನಿಮ್ಮ ತಾಯಿ ಆರೋಗ್ಯವಾಗಿದ್ದಾರೆಯೇ ಎಂದು ಕೇಳಿದ್ದಾನೆ.

ನೀನಿಲ್ಲದೆ ಬಹಳ ಬೇಸರವಾಗುತ್ತದೆ ಅಮ್ಮ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ನಿನ್ನ
ಪುಟ್ಟಿ


ಮೇ 27

ಪುಟ್ಟೀ,

ಓದಿದೆ. ನಿಮ್ಮಪ್ಪ ಎರಡು ಸಲ ಗಟ್ಟಿಯಾಗಿ ಓದಿಸಿದರು. ಎರಡನೆಯ ಸಲ ಕೊನೆಯ ವಾಕ್ಯಕ್ಕೆ ಬಂದಾಗ ಕಣ್ಣಿಗೆ ಧೂಳು ಬಿತ್ತು ಎಂದು ಎದ್ದು ಹೋದರು. ಕಿಟಕಿಯೆಲ್ಲ ಹಾಕಿತ್ತು.

ಆರೋಗ್ಯವಾಗಿದ್ದೇನೆ ಎಂದು ಅವನಿಗೆ ಬರೆ. ಅವನೂ ಹೊತ್ತಿಗೆ ಸರಿಯಾಗಿ ಊಟ ಮಾಡಲಿ.

ನೋಡು, ನಿನಗೆ ಒಳ್ಳೆಯದು ಮಾಡಲು ಹೋಗಿ ನಾಲ್ಕು ವರ್ಷದ ದುಡಿಮೆ ಕೆಡಿಸಿದೆ. ಆ ನೋವು ನನಗೆ ಹೋಗುವುದಿಲ್ಲ, ನೀನು ಎಷ್ಟೇ ಸಮಾಧಾನ ಹೇಳಿದರೂ. ಆದರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಇಷ್ಟು ವರ್ಷ ಇವರೆಲ್ಲರ ಗಾಜು ತೊಳೆದೆ. ಎಷ್ಟೋ ಪ್ರಬಂಧ ಅಚ್ಚಾದವು. ಒಂದರಲ್ಲೂ ತೊಳೆದವರು ಯಾರು ಎಂದು ಯಾರೂ ಬರೆದಿರಲಿಲ್ಲ, ಬರೆಯಬೇಕೆಂದು ನನಗೂ ತೋಚಿರಲಿಲ್ಲ. ಈಗ ಮೊದಲ ಸಲ ಬಂದೆ. ಅದೂ ತಪ್ಪು ಮಾಡಿದ್ದಕ್ಕೆ!

ಇರಲಿ, ನಾಲ್ಕು ಪ್ರತಿ ಕಳಿಸು. ಒಂದು ನನಗೆ, ಒಂದು ನಿಮ್ಮಪ್ಪನಿಗೆ ಡಿಪೋದಲ್ಲಿ ತೋರಿಸಲು, ಒಂದು ಸ್ಟೋರಿನವರಿಗೆ, ಇನ್ನೊಂದು ಹೀಗೇ ಇರಲಿ.

ನಿನ್ನ ಅಮ್ಮ